ಹದಿನೆಂಟು ಜಿ.ಬಿ.ಯ ಮದುವೆ

ಯಾರಾದರೂ ಮೊಬೈಲು ಮುಂದೆ ಚಾಚಿ "ಒಂದು ವಿಡಿಯೋ ಉಂಟು, ನೋಡಿ" ಎಂದರೆ ನನ್ನ ಕಣ್ಣು ಮೊದಲು ಹೋಗುವುದು ಚಿತ್ರದ ಮೇಲಲ್ಲ, ಅದರ ತೂಕದ ಮೇಲೆ. ಮೊನ್ನೆ ತಂಗಿಯ ಮನೆಗೆ ಹೋಗಿದ್ದೆ. ಅವಳ ಮೊಮ್ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ತೋರಿಸಿ "ಹೇಗುಂಟು ಅಣ್ಣ?" ಎಂದು ಕೇಳಿದಳು. "ನಾನೂರು ಎಂ.ಬಿ. ಉಂಟಲ್ಲ ಮಾರಾಯ್ತಿ, ಮೂವತ್ತಕ್ಕೆ ಇಳಿಸಬಹುದು" ಎಂದೆ. ತಂಗಿ ಫೋನನ್ನು ಒಳಗಿಟ್ಟುಬಿಟ್ಟಳು. ಚಹಾ ಬಂತು, ಆದರೆ ಅದರ ಜೊತೆ ಬರಬೇಕಾಗಿದ್ದ ಬಿಸ್ಕುಟ್ ಅಂಬಡೆ ಬರಲಿಲ್ಲ.

ಇದು ಕಸುಬಿನ ಕಾಯಿಲೆ. ಮಂಗಳೂರಿನ ಕದ್ರಿಯ ಒಂದು ವಿಡಿಯೋ ಮಿಕ್ಸಿಂಗ್ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕೂತು ಬೆನ್ನು ಬಗ್ಗಿಸಿಕೊಂಡವ ನಾನು. ಮದುಮಕ್ಕಳ ಮುಖ ಗುಲಾಬಿ ಹೂವಿನೊಳಗಿಂದ ಹಾರಿ ಬರುವಂತೆ ಮಾಡುತ್ತಿದ್ದರಲ್ಲ, ಆ ಪಾಪದಲ್ಲಿ ನನಗೂ ಪಾಲುಂಟು. ಈಗ ವಿಮಾನ ನಿಲ್ದಾಣದ ಪಕ್ಕದ ಬಜಪೆಯ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು, ಆನೆಯಂಥ ವಿಡಿಯೋಗಳನ್ನು ಫೋನಿನಲ್ಲಿ, ವೆಬ್‌ಸೈಟಿನಲ್ಲಿ ಓಡುವಷ್ಟು ಸಣ್ಣದು ಮಾಡಿಕೊಡುತ್ತೇನೆ. ಅತ್ತಾವರದಿಂದ ಡಾಕ್ಟರಿಕೆ ಓದುವವರು ಹುಡುಕಿಕೊಂಡು ಬರುತ್ತಾರೆ. ಒಮ್ಮೆ ಒಬ್ಬರು ಪಿತ್ತಕೋಶ ತೆಗೆಯುವ ಆಪರೇಷನ್ನಿನ ವಿಡಿಯೋ ತಂದಿದ್ದರು. ಅದು ಪರದೆಯ ಮೇಲೆ ಓಡುತ್ತಿದ್ದಾಗಲೇ ನನ್ನ ಹೆಂಡತಿ ಶಶಿ ಚಹಾ ಹಿಡಿದುಕೊಂಡು ಒಳಗೆ ಬಂದಳು. ಆಮೇಲೆ ಎರಡು ದಿನ ನಮ್ಮ ಮನೆಯಲ್ಲಿ ಮೀನು ಕೊಯ್ಯಲಿಲ್ಲ.

ಆದರೆ ಈ ಸಣ್ಣದು ಮಾಡುವ ವಿದ್ಯೆಯನ್ನು ನನಗೆ ಕಂಪ್ಯೂಟರ್ ಕಲಿಸಿದ್ದಲ್ಲ. ಕಲಿಸಿದವರು ನಮ್ಮ ಪಕ್ಕದ ಮನೆಯ ಬೀಪಾತುಮ್ಮ. ಅವರ ಮಗ ಹಮೀದ್ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹಮೀದ್ ಅವರನ್ನು 'ಉಮ್ಮ' ಎಂದು ಕರೆಯುತ್ತಿದ್ದ, ನಾನೂ ಹಾಗೇ ಕರೆದೆ. ಇವತ್ತಿಗೂ ಹಾಗೇ ಕರೆಯುತ್ತೇನೆ.

ಹಮೀದನ ಅಪ್ಪ ಗಲ್ಫಿನಲ್ಲಿದ್ದರು. ರಜೆ ಮುಗಿಸಿ ಹೊರಡುವ ಮುನ್ನಾದಿನ ಅವರ ಚಾವಡಿಯಲ್ಲಿ ಪೆಟ್ಟಿಗೆ ಕಟ್ಟುವ ಕಾರ್ಯಕ್ರಮ. ಬೊಂಬಾಯಿಗೆ ಹೋಗಿ ವಿಮಾನ ಹತ್ತಬೇಕು, ಪೆಟ್ಟಿಗೆ ಇಪ್ಪತ್ತು ಕಿಲೋ ದಾಟಬಾರದು. ಕೊಬ್ಬರಿ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಜಂತಿಗೆ ಕಟ್ಟಿ, ಅದರ ಕೊಕ್ಕೆಗೆ ಪೆಟ್ಟಿಗೆ ನೇತುಹಾಕಿದರೆ, ಮುಳ್ಳು ನೋಡಿ ಹೇಳುವುದು ನನ್ನ ಮತ್ತು ಹಮೀದನ ಕೆಲಸ. "ಇಪ್ಪತ್ತನಾಲ್ಕೂವರೆ!" ಎಂದು ನಾವು ಕೂಗಿದ ಕೂಡಲೇ ಜಗಳ ಶುರು. ಒಬ್ಬರು ಕೊಟ್ಟ ಒಣ ಸಿಗಡಿ ತೆಗೆದರೆ ಅವರಿಗೆ ಬೇಸರ, ಇನ್ನೊಬ್ಬರು ಕೊಟ್ಟ ಹಲಸಿನ ಹಪ್ಪಳ ತೆಗೆದರೆ ಅವರ ಮುಖ ಹಪ್ಪಳಕ್ಕಿಂತ ದೊಡ್ಡದು. ಆಗ ಬೀಪಾತುಮ್ಮ ಎದ್ದು ಬರುತ್ತಿದ್ದರು. ಯಾರು ಕೊಟ್ಟದ್ದನ್ನೂ ತೆಗೆಯುತ್ತಿರಲಿಲ್ಲ. ಒಣಮೀನಿನ ತಲೆ ಕಿತ್ತು ಹಾಕುವುದು, ಡಬ್ಬಿಯೊಳಗಿನದ್ದನ್ನು ಬಟ್ಟೆಗೆ ಕಟ್ಟುವುದು, ಉಪ್ಪಿನಕಾಯಿಯನ್ನು ಭರಣಿಯಿಂದ ಪ್ಲಾಸ್ಟಿಕ್ ತೊಟ್ಟೆಗೆ ಸುರಿದು ಅದರ ಬಾಯಿಯನ್ನು ಮೇಣದ ಬತ್ತಿಯಲ್ಲಿ ಸುಟ್ಟು ಅಂಟಿಸುವುದು. ಮತ್ತೆ ತೂಗಿದರೆ ಹತ್ತೊಂಬತ್ತೂಮುಕ್ಕಾಲು. "ತೂಕ ಇರುವುದು ಭರಣಿಯಲ್ಲಿ ಮೋನೆ, ಉಪ್ಪಿನಕಾಯಿಯಲ್ಲಿ ಅಲ್ಲ" ಎನ್ನುತ್ತಿದ್ದರು. ಮೋನೆ ಎಂದರೆ ಅವರ ಬ್ಯಾರಿ ಭಾಷೆಯಲ್ಲಿ ಮಗನೇ ಎಂದು.

ಆಮೇಲೆ ಕಂಪ್ಯೂಟರಿನ ಮುಂದೆ ಕೂತಾಗ ನನಗೆ ಇದಕ್ಕಿಂತ ಹೆಚ್ಚಿನದ್ದನ್ನು ಯಾರೂ ಹೇಳಿಕೊಡಲಿಲ್ಲ. ಯಾವುದು ಭರಣಿ, ಯಾವುದು ಉಪ್ಪಿನಕಾಯಿ ಎಂದು ಗೊತ್ತಾದರೆ ಸಾಕು. ಹಾಗೆ ಗೊತ್ತುಂಟು ಎಂಬ ಜಂಬವೂ ನನಗಿತ್ತು. ಅದು ಇಳಿದದ್ದು ಈ ವರ್ಷ, ಒಂದು ಬುಧವಾರ ಮಧ್ಯಾಹ್ನ.

ಹಮೀದನೂ ಅಪ್ಪನ ದಾರಿ ಹಿಡಿದವ. ಗಲ್ಫಿನ ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಬ್ಬಿಣದ ಅಟ್ಟ ಇರುತ್ತದಲ್ಲ, ಅಲ್ಲಿ ಕ್ರೇನ್ ಓಡಿಸುತ್ತಾನೆ. ಅವನ ಒಬ್ಬಳೇ ಮಗಳು ರಿಶಾನಳ ಮದುವೆ ಭಾನುವಾರ ನಡೆಯಿತು. ರಜೆ ಸಿಕ್ಕಿದೆ ಎಂದು ಹೇಳಿದ್ದ. ಕೊನೆಯ ವಾರ ಬದಲಿ ಬರಬೇಕಾದವ ಜ್ವರದಲ್ಲಿ ಮಲಗಿದ, ರಜೆ ಹೋಯಿತು. ನಿಖಾದಲ್ಲಿ ಮದುಮಗನ ಕೈ ಹಿಡಿಯಬೇಕಾದದ್ದು ಹೆಣ್ಣಿನ ತಂದೆ. ಅವನ ಪರವಾಗಿ ಅವನ ತಮ್ಮ ಹಿಡಿದ. ಗಂಡಸರ ಸಾಲಿನಲ್ಲಿ ಕೂತು ನಾನೂ ನೋಡಿದೆ. ತುಪ್ಪದನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಎರಡು ಸಲ ಹಾಕಿಸಿಕೊಂಡೆ. ಆದರೆ ಮನಸ್ಸಿಗೆ ಹಿತವಿರಲಿಲ್ಲ.

ಬುಧವಾರ ಹನ್ನೆರಡೂಕಾಲಕ್ಕೆ ಅವನ ಫೋನು. ಎರಡು ದಿನದ ಮಟ್ಟಿಗೆ ದಡದ ಕ್ಯಾಂಪಿಗೆ ಬಂದಿದ್ದನಂತೆ.

"ಸದಾ, ಸ್ಟುಡಿಯೋದವರು ಪೆನ್‌ಡ್ರೈವ್ ಕೊಟ್ಟಿದ್ದಾರಂತೆ. ಉಮ್ಮನ ಹತ್ತಿರ ಉಂಟು. ಎಡಿಟಿಂಗ್ ಎಲ್ಲ ಆಗ್ಲಿಕ್ಕೆ ಎರಡು ತಿಂಗಳಂತೆ ಮಾರಾಯ. ನನಗೆ ಒಂದೂವರೆಗೆ ಕ್ಯಾಂಪಿನಿಂದ ಬಸ್ಸು, ಎರಡಕ್ಕೆ ಬೋಟು. ನಿಮ್ಮ ಗಡಿಯಾರದಲ್ಲಿ ಮೂರು, ಮೂರೂವರೆ. ಇಲ್ಲಿ ನೆಟ್ಟು ಇರುವೆ ಹೋದ ಹಾಗೆ ಹೋಗುವುದು. ನೂರು ಎಂ.ಬಿ. ದಾಟಿದ್ರೆ ಇಳಿಯುವುದಿಲ್ಲ. ಬೋಟು ಹತ್ತಿದ ಮೇಲೆ ನಲವತ್ತೈದು ದಿನ ನೆಟ್ಟೇ ಇಲ್ಲ."

"ಅಷ್ಟೇಯಾ? ನನಗೆ ಬಿಡು" ಎಂದೆ.

"ನನ್ನ ಮಗಳ ಮದುವೆ ನಾನು ನೋಡಲಿಲ್ಲ ಸದಾ" ಎಂದ. ಅಷ್ಟು ಹೇಳಿ ಇಟ್ಟುಬಿಟ್ಟ.

ಹನ್ನೆರಡೂವರೆಗೆ ಬೀಪಾತುಮ್ಮ ಬಂದರು. ಎಪ್ಪತ್ತಾರರ ಮುದುಕಿ, ಸೆರಗಿನ ತುದಿಯಲ್ಲಿ ಪೆನ್‌ಡ್ರೈವನ್ನು ಗಂಟು ಹಾಕಿಕೊಂಡಿದ್ದರು. ಸೊಸೆ, ಎಂದರೆ ಹಮೀದನ ಹೆಂಡತಿ, ಮಗಳ ಗಂಡನ ಮನೆಗೆ ಹೋಗಿದ್ದಳು. ನಾನು ಕೈ ಚಾಚಿದೆ. ಅವರು ಗಂಟು ಬಿಚ್ಚಲಿಲ್ಲ.

"ಮೋನೆ, ಒಂದು ಮಾತುಂಟು. ಇದರಲ್ಲಿ ಹೆಂಗಸರ ಕಡೆಯದ್ದೂ ಉಂಟು. ಕ್ಯಾಮೆರಾ ಹಿಡಿದದ್ದೂ ಹೆಂಗಸೇ. ಹೊರಗಿನ ಗಂಡಸರು ಯಾರೂ ನೋಡುವುದಿಲ್ಲ ಅಂತ ಹುಡುಗನ ಮನೆಯವರಿಗೆ ನಾನು ಮಾತು ಕೊಟ್ಟಿದ್ದೇನೆ."

"ನಾನು ಹೊರಗಿನವನಾ ಉಮ್ಮ?"

"ನೀನು ನನ್ನ ಮಡಿಲಲ್ಲಿ ಬೆಳೆದವ. ಆದರೆ ಮಾತು ಮಾತೇ ಅಲ್ವಾ?"

ಹೌದು, ಮಾತು ಮಾತೇ. ನಾನು ನೋಡದೆ ನಾನೇ ಅದನ್ನು ಸಣ್ಣದು ಮಾಡಬೇಕು! ಕಣ್ಣಿಗೆ ಬಟ್ಟೆ ಕಟ್ಟಿ ಮೀನು ಕೊಯ್ಯಲು ಹೇಳಿದ ಹಾಗಾಯಿತು. ಕೊನೆಗೆ ಶಶಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆವು. ಅವಳ ಪಕ್ಕ ಉಮ್ಮ. ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರಿಗೆ ಬೆನ್ನು ಮಾಡಿ, ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಕೂತೆ.

"ಶಬ್ದವನ್ನೂ ಬಂದ್ ಮಾಡು ಶಶೀ" ಎಂದರು ಉಮ್ಮ. "ಹುಡುಗನ ಸೋದರತ್ತೆಯ ಸೀರೆಯ ಬಗ್ಗೆ ನಮ್ಮವರು ಬಾಯಿಗೆ ಬಂದದ್ದು ಮಾತಾಡಿದ್ದಾರೆ." ಶಶಿ ಸ್ಪೀಕರಿನ ವೈರನ್ನೇ ಕಿತ್ತಳು. ಆಗ ಇದು ಎಷ್ಟು ಸರಿ ಎನಿಸಿತ್ತೆಂದರೆ, ನಾನೇ ತಲೆಯಾಡಿಸಿದೆ.

ಹದಿನೆಂಟು ಜಿ.ಬಿ. ಮೂರು ಗಂಟೆಯ ಚಿತ್ರ. ಕಂಪ್ಯೂಟರಿಗೆ ಇಳಿಸಲಿಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಪರಿವರ್ತನೆ ಮಾಡುವ ಪ್ರೋಗ್ರಾಮಿಗೆ ಹಾಕಿದ ಮೇಲೆ "ಈಗ ಎಡಗಡೆ ಎಂತ ಬಂತು?" ಎಂದು ಗೋಡೆಯನ್ನು ಕೇಳಿದೆ.

"ಎಂತದೋ ಒಂದು ಪೆಟ್ಟಿಗೆ ಬಂತು" ಎಂದಳು ಶಶಿ.

"ಪೆಟ್ಟಿಗೆಯೊಳಗೆ?"

"ಪೆಟ್ಟಿಗೆಯೊಳಗೆ ತುಂಬ ಪೆಟ್ಟಿಗೆ ಉಂಟು."

"ಸಮಯ ಎಷ್ಟು ತೋರಿಸ್ತದೆ?"

"ನಾಲ್ಕು ಗಂಟೆ ಹತ್ತು ನಿಮಿಷ."

ನಮಗಿದ್ದದ್ದು ಎರಡು ಗಂಟೆ. ಮನೆಯ ಮೇಲಿನಿಂದ ಒಂದು ವಿಮಾನ ಹೋಯಿತು, ಕಿಟಕಿಯ ಗಾಜು ನಡುಗಿತು. ಇಲ್ಲಿಂದ ಇಪ್ಪತ್ತನಾಲ್ಕು ಗಂಟೆಯೂ ಗಲ್ಫಿಗೆ ವಿಮಾನ ಹೋಗುತ್ತದೆ, ಒಂದು ಸಿನಿಮಾ ಹೋಗುವುದಿಲ್ಲ.

"ಉಮ್ಮ, ಕತ್ತರಿಸಬೇಕು. ಮೂರು ಗಂಟೆಯದ್ದನ್ನು ಹತ್ತು ನಿಮಿಷಕ್ಕೆ ಇಳಿಸಬೇಕು. ಯಾವುದು ಬೇಕು ಅಂತ ನೀವು ಹೇಳಿ."

ಪೆಟ್ಟಿಗೆ ಕಟ್ಟುವ ಉಮ್ಮ ಎದ್ದು ಬಂದದ್ದು ಆಗ. ನಾನು ನೋಡಲಿಲ್ಲ, ಕೇಳಿದೆ. "ಹಾಲ್‌ನ ಹೂವಿನ ಅಲಂಕಾರ ತೆಗಿ. ಊಟದ್ದು ತೆಗಿ, ತಿಂದವರಿಗೆ ಗೊತ್ತುಂಟು. ಸ್ಟೇಜಿನಲ್ಲಿ ಸಾಲು ನಿಂತು ಫೋಟೋ ತೆಗೆದದ್ದು ಪೂರ್ತಿ ತೆಗಿ. ಆ ಕೋಟಿನವ ಬೇಡ, ನಾನೂ ಬೇಡ, ನಾನು ಎಲ್ಲಿ ಹೋಗ್ತೇನೆ?" ಒಂದು ಗಂಟೆ ಅವರು ಹೇಳುವುದು, ಶಶಿ ಕತ್ತರಿಸುವುದು, ಯಾವ ಗುಂಡಿ ಒತ್ತಬೇಕೆಂದು ನಾನು ಕ್ಯಾಲೆಂಡರಿಗೆ ವಿವರಿಸುವುದು. ಒಂದು ಕಡೆ ಕತ್ತರಿಸುವ ಬದಲು ಶಶಿ ಒಂದೇ ತುಣುಕನ್ನು ನಾಲ್ಕು ಸಲ ಅಂಟಿಸಿದಳು. ನಾನು ಗದರಿದೆ. "ನೀವೇ ಬಂದು ಮಾಡಿ" ಎಂದಳು. ನಾನು ಕುರ್ಚಿಯನ್ನು ಕ್ಯಾಲೆಂಡರಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಉಳಿದದ್ದು ಹನ್ನೊಂದು ನಿಮಿಷ. ಮದರಂಗಿಯ ಕೈ, ಅಲಂಕಾರ ಮುಗಿದು ರಿಶಾನ ಕೂತದ್ದು, ಹಮೀದನ ತಮ್ಮ ಮದುಮಗನ ಕೈ ಹಿಡಿದದ್ದು, ಹುಡುಗಿ ಕಾರು ಹತ್ತಿದ್ದು. ಎರಡು ಗಂಟೆಗೆ ಪ್ರೋಗ್ರಾಮಿಗೆ ಹಾಕಿದೆವು, ಎರಡೂಕಾಲಕ್ಕೆ ಮುಗಿಯಿತು. ನೂರ ಇಪ್ಪತ್ತೆರಡು ಎಂ.ಬಿ.

ಇಪ್ಪತ್ತೆರಡು ಹೆಚ್ಚು. ತಕ್ಕಡಿಯ ಮುಳ್ಳು ನೋಡಿ ನಾವು ಕೂಗುತ್ತಿದ್ದ ಹಾಗೆ ಶಶಿ ಕೂಗಿದಳು. "ಚಿತ್ರವನ್ನು ಇನ್ನಷ್ಟು ಹಿಂಡು" ಎಂದು ಹೇಳಿದೆ. ಹತ್ತು ನಿಮಿಷ ಹೋಯಿತು. ಎಂಬತ್ತೆಂಟಕ್ಕೆ ಬಂತು.

"ಮುಖ ಹೇಗೆ ಕಾಣ್ತದೆ?"

ಉಮ್ಮ ಬಗ್ಗಿ ನೋಡಿರಬೇಕು. "ಚೆಂದ ಉಂಟಲ್ಲ" ಎಂದರು.

"ಉಮ್ಮನಿಗೆ ಕಣ್ಣಿನ ಪೊರೆ ಉಂಟು" ಎಂದಳು ಶಶಿ ಮೆಲ್ಲಗೆ. "ಮುಖ ಎಲ್ಲ ಚೌಕ ಚೌಕ ಆಗಿದೆ. ನಮ್ಮ ಮಾವನ ಹಾಗೆ."

ಆ ಮಾತು ಎದೆಗೆ ಬಂದು ನಾಟಿತು. ಮಾವ ಎಂದರೆ ನನ್ನ ಅಪ್ಪ. ತಂಗಿಯ ಮದುವೆಯ ಕ್ಯಾಸೆಟ್ಟಿನಲ್ಲಿ ಅಪ್ಪ ಚಪ್ಪರದ ಕಂಬಕ್ಕೆ ಒರಗಿ, ಒಂದು ತುಣುಕಿನ ಉದ್ದಕ್ಕೂ ಅಲುಗಾಡದೆ ನಿಂತಿದ್ದರು. ಚಲಿಸದೆ ಇರುವುದನ್ನು ಈ ಯಂತ್ರಗಳು ಲೆಕ್ಕಕ್ಕೆ ಇಡುವುದಿಲ್ಲ. 'ಇದು ಆಗಿನ ಹಾಗೇ ಉಂಟು' ಎಂದು ದಾಟಿ ಹೋಗುತ್ತವೆ. ಯಾರಿಗೋ ಕಳಿಸುವ ಅವಸರದಲ್ಲಿ ನಾನು ಅದನ್ನು ಕಂಪ್ಯೂಟರಿಗೆ ಇಳಿಸಿ, ಹಿಂಡಿ ಹಿಂಡಿ ಸಣ್ಣದು ಮಾಡಿದೆ. ಬೂಸಲು ಹಿಡಿದ ಕ್ಯಾಸೆಟ್ಟು ಇನ್ನು ಯಾಕೆಂದು ಎಸೆದೂ ಬಿಟ್ಟೆ. ಮರುವರ್ಷ ಅಪ್ಪ ತೀರಿಕೊಂಡರು. ಅವರು ಇರುವ ವಿಡಿಯೋ ಅದೊಂದೇ. ಅದರಲ್ಲಿ ಅವರ ಮುಖ ಇದ್ದ ಜಾಗದಲ್ಲಿ ಏಳೆಂಟು ಕಂದು ಚೌಕಗಳಿವೆ. ಊರಿನ ಮದುವೆಗಳನ್ನೆಲ್ಲ ಕಾಪಾಡಿದವ ನಾನು, ಅಪ್ಪನ ಮುಖವನ್ನು ನಾನೇ ಅಳಿಸಿದೆ. ಇದನ್ನು ಹೆಚ್ಚು ಜನರಿಗೆ ಹೇಳಿಲ್ಲ.

"ಬೇಡ, ಅದು ಬೇಡ" ಎಂದೆ. "ಮೊದಲಿನದ್ದನ್ನೇ ತೆಗೆ. ಮುಖ ಮುಟ್ಟುವುದು ಬೇಡ."

ಗಂಟೆ ಎರಡೂವರೆ. ಉಮ್ಮ ಮಧ್ಯಾಹ್ನದ ಲುಹರ್ ನಮಾಜಿಗೆ ಹೊತ್ತು ಮೀರುತ್ತದೆಂದು ಒಳಗಿನ ಕೋಣೆಗೆ ಹೋದರು. ನಾನು ಗೋಡೆ ನೋಡುತ್ತಾ ಯೋಚಿಸಿದೆ. ಇಪ್ಪತ್ತೆರಡು ಎಂ.ಬಿ. ಎಲ್ಲಿಂದ ಇಳಿಸುವುದು? ಭರಣಿ ಯಾವುದು? ಥಟ್ಟನೆ ಹೊಳೆಯಿತು. ಶಬ್ದ! ಮದುವೆಯ ವಿಡಿಯೋದ ಶಬ್ದ ನನಗೆ ಗೊತ್ತಿಲ್ಲವೇ? ಇಪ್ಪತ್ತೆಂಟು ವರ್ಷ ಕೇಳಿದ್ದೇನೆ. ಕುರ್ಚಿ ಎಳೆಯುವುದು, ಜನರೇಟರ್, "ಊಟ ಆಯ್ತಾ" ಎಂಬ ಬೊಬ್ಬೆ. ಅದನ್ನು ತೆಳ್ಳಗೆ ಮಾಡಿದ್ದರೂ ಸಾಕಾಗುತ್ತಿತ್ತು. ಆದರೆ ಅವಸರದವನಿಗೆ ಒಂದು ಟಿಕ್ ತೆಗೆಯುವುದು ಸುಲಭ. "ಆಡಿಯೋ ಅಂತ ಇದ್ದಲ್ಲಿ ಟಿಕ್ ತೆಗೆ" ಎಂದೆ. ಶಶಿ ತೆಗೆದಳು. ಒಂದೇ ನಿಮಿಷ. ತೊಂಬತ್ತಾರು ಎಂ.ಬಿ.!

ವಾಟ್ಸಾಪಿನಲ್ಲಿ ಕಳಿಸಿದೆವು. ಹಸಿರು ಗೆರೆ ತೆವಳುತ್ತಾ ಹೋದದ್ದನ್ನು ಶಶಿ ಓದಿ ಹೇಳಿದಳು. ನಲವತ್ತು, ಅರವತ್ತು, ಅರವತ್ತೊಂದು. ಅರವತ್ತೊಂದರಲ್ಲಿ ಅದು ಕೂತೇ ಬಿಟ್ಟಿತು. ಶಶಿ ಕಟೀಲಿನ ದೇವಿಗೆ ಹೂವಿನ ಪೂಜೆ ಹೇಳಿಕೊಂಡಳು, ಉಮ್ಮ ಒಳಗಿನಿಂದ ಏನೋ ಓದುತ್ತಾ ಬಂದರು. ನಾನು ಇಬ್ಬರಿಗೂ ಸೇರಿ ಬೆವರಿದೆ. ಎರಡು ಐವತ್ತಕ್ಕೆ ಗೆರೆ ಮುಗಿಯಿತು. ಎರಡು ಐವತ್ತೇಳಕ್ಕೆ ಎರಡು ನೀಲಿ ಗೀಟು ಬಂತು. ಶಶಿ ಪರದೆ ಬಂದ್ ಮಾಡಿದಳು, ನಾನು ತಿರುಗಿ ಕೂತೆ. ಮೂವರೂ ಬೆಲ್ಲ ಹಾಕಿದ ಚಹಾ ಕುಡಿದೆವು. ನನಗೆ ನನ್ನ ಬಗ್ಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಭರಣಿ-ಉಪ್ಪಿನಕಾಯಿಯ ಮಾತನ್ನು ಉಮ್ಮನಿಗೇ ತಿರುಗಿ ಹೇಳಿಕೊಟ್ಟೆ.

ಮೂರೂ ಇಪ್ಪತ್ತಕ್ಕೆ ಫೋನು ಬಂತು. ವಾಟ್ಸಾಪಿನದ್ದಲ್ಲ, ಮಾಮೂಲಿ ಕರೆ. ಹಿಂದೆ ಗಾಳಿಯ ಸದ್ದು, ಜನರ ಸದ್ದು. ಸ್ಪೀಕರಿಗೆ ಹಾಕಿದೆ.

"ಸದಾ, ಬಂತು ಮಾರಾಯ. ಬಸ್ಸಿನಲ್ಲಿ ಪೂರ್ತಿ ನೋಡಿದೆ. ಕಣ್ಣಿನ ರೆಪ್ಪೆ ಸಮೇತ ಕಾಣ್ತದೆ. ನೀನು ದೊಡ್ಡ ಉಪಕಾರ ಮಾಡಿದೆ. ಆದರೆ ನನ್ನ ಫೋನು ಹಾಳಾಯ್ತು ಕಾಣ್ತದೆ, ಶಬ್ದವೇ ಬರುವುದಿಲ್ಲ. ಅಲಂಕಾರ ಆಗಿ ಕೂತದ್ದುಂಟಲ್ಲ, ಅಲ್ಲಿ ಮಗಳು ಸೀದಾ ನನ್ನನ್ನೇ ನೋಡಿ ಎಂತದೋ ಹೇಳ್ತಾಳೆ. ಎಂತ ಹೇಳಿದ್ದು ಅವಳು?"

ಶಶಿ ನನ್ನನ್ನು ನೋಡಿದಳು. ಶಬ್ದ ಬಂದ್ ಮಾಡಿ ಕತ್ತರಿಸಿದ್ದೆವಲ್ಲ, ತುಟಿ ಅಲುಗಿದ್ದು ಅವಳಿಗೆ ನೂರು ಹೆಂಗಸರ ನೂರು ಮಾತಿನಲ್ಲಿ ಒಂದಾಗಿ ಕಂಡಿರಬೇಕು. ನನಗಂತೂ ಕಂಡೇ ಇರಲಿಲ್ಲ.

"ಹಮೀದ್, ನಿನ್ನ ಫೋನು ಸರಿ ಉಂಟು" ಎಂದೆ. "ಶಬ್ದ ತೆಗೆದವ ನಾನು. ಈಗಲೇ ಅದೊಂದನ್ನು ಕಳಿಸ್ತೇನೆ."

"ಇಲ್ಲಿ ನೆಟ್ಟಿಲ್ಲ. ಬೋಟಿಗೆ ಲೈನು ನಿಂತಿದ್ದೇವೆ. ಐದು ನಿಮಿಷ." ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಶಶಿ ಹಾರಿ ಕಂಪ್ಯೂಟರ್ ಮುಂದೆ ಕೂತಳು. "ಕತ್ತರಿಸಿದ್ದನ್ನೆಲ್ಲ ಆಗಲೇ ಅಳಿಸಿಬಿಟ್ಟೆ, ದೊಡ್ಡದರಲ್ಲಿ ಹುಡುಕ್ತೇನೆ, ಸ್ಪೀಕರಿಗೆ ಫೋನು ಹಿಡಿಯುವ. ನೀವು ಆ ಕಡೆ ತಿರುಗಿ!" ನಾನು ತಿರುಗಿದೆ. ವೈರು ಸಿಗುವುದಿಲ್ಲ, ಮೂರು ಗಂಟೆಯ ಚಿತ್ರದಲ್ಲಿ ಆ ಅರೆ ನಿಮಿಷ ಸಿಗುವುದಿಲ್ಲ. "ಇದು ಊಟದ್ದು, ಇದೂ ಊಟದ್ದು" ಎಂದು ಅವಳು ಅಳುವ ದನಿಯಲ್ಲಿ ಹೇಳುತ್ತಿದ್ದಳು. ಕ್ಯಾಲೆಂಡರಿನ ಅಂಕೆಗಳು ನನಗೆ ಮಂಜಾಗಿ ಕಾಣತೊಡಗಿದವು. ಇನ್ನು ನಲವತ್ತೈದು ದಿನ ಅವನು ಸಮುದ್ರದ ನಡುವೆ ಕೂತು, ಮಗಳ ತುಟಿ ಅಲುಗುವುದನ್ನು ನೋಡಬೇಕು.

"ಯಾಕೆ ಹುಡುಕುವುದು ಶಶೀ?" ಎಂದರು ಉಮ್ಮ. "ನಾನು ಅಲ್ಲೇ ಇದ್ದೆನಲ್ಲ. ಫೋನು ಇತ್ತ ಕೊಡು ಮೋನೆ."

ತಿರುಗದೆ, ಫೋನನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಚಾಚಿದೆ.

ಬ್ಯಾರಿಯಲ್ಲಿ ಮಾತಾಡಿದರು. ಆ ಭಾಷೆ ನನಗೆ ನನ್ನ ತುಳುವಿನಷ್ಟೇ ಚೆನ್ನಾಗಿ ಬರುತ್ತದೆ. ಉಪ್ಪ ಎಂದರೆ ಅಪ್ಪ, ಮೋಳೆ ಎಂದರೆ ಮಗಳೇ.

"ಹಮೀದ್, ಕೇಳು. ಅವಳು ಮೊದಲು ಬಳೆ ಸರಿ ಮಾಡ್ತಾಳೆ ನೋಡು. ಆಗ ನಾನು ಪಕ್ಕದಲ್ಲಿ ಕೂತು 'ಉಪ್ಪನಿಗೆ ಎಂತಾದರೂ ಹೇಳು ಮೋಳೆ' ಅಂದೆ. ಆಗ ತಲೆ ಎತ್ತಿ ಹೇಳಿದ್ದು: 'ಉಪ್ಪಾ, ನನ್ನ ಮದುವೆ ಆಯ್ತು. ಈ ಸಲ ಬರುವಾಗ ಪೆಟ್ಟಿಗೆ ತುಂಬಿಸಬೇಡಿ. ಎಂತದೂ ತರಬೇಡಿ. ನೀವು ಬನ್ನಿ, ಸಾಕು.' ಅಷ್ಟೇ. ಆಮೇಲೆ ನಗಾಡಿದಳು."

"ಇನ್ನೊಮ್ಮೆ ಹೇಳಿ ಉಮ್ಮ" ಎಂದ ಹಮೀದ್.

ಉಮ್ಮ ಇನ್ನೊಮ್ಮೆ ಹೇಳಿದರು, ನಿಧಾನಕ್ಕೆ, ಬಳೆಯಿಂದ ಶುರು ಮಾಡಿ. ಮೂರನೆಯ ಸಲ ಅವನೂ ಜೊತೆಗೆ ಹೇಳಿದ, ಶಾಲೆಯಲ್ಲಿ ನಾವು ಮಗ್ಗಿ ಬಾಯಿಪಾಠ ಮಾಡುತ್ತಿದ್ದ ಹಾಗೆ. 'ನೀವು ಬನ್ನಿ, ಸಾಕು' ಎಂಬಲ್ಲಿ ಅವನ ದನಿ ನಿಂತಿತು. ಯಾರೋ ಅವನ ಹೆಸರು ಕೂಗಿದರು. ಕರೆ ಕಡಿಯಿತು.

ಶಶಿ ಕಂಪ್ಯೂಟರ್ ಬಂದ್ ಮಾಡಿದ್ದು ಕೇಳಿಸಿತು. ನಾನು ಗೋಡೆಗೆ ಮುಖ ಮಾಡಿಯೇ ಕೂತಿದ್ದೆ.

"ತಿರುಗು ಮೋನೆ" ಎಂದರು ಉಮ್ಮ. "ಇನ್ನು ನೋಡಬಾರದ್ದು ಎಂತದೂ ಇಲ್ಲ."

ಒಂದಿತ್ತು, ನನ್ನ ಮುಖ. ಹಾಗಾಗಿ ತಿರುಗಲಿಲ್ಲ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, ಆ ಬುಧವಾರದಿಂದ ನಲವತ್ತೈದು ದಿನ ಎಣಿಸತೊಡಗಿದೆ.